ರಾಡೊಯ್ ಕಾರಿನ ಎಡ ಹಿಂಚಕ್ರ

ಬೆಳಿಗ್ಗೆ ಹಿಡಿದ ಮಳೆ ಮಧ್ಯಾಹ್ನ ಮೂರಾದರೂ ಬಿಟ್ಟಿರಲಿಲ್ಲ. ಮಣ್ಣು ಕುಸಿದು ಬಸ್ಸು ಕಣಿವೆಯಲ್ಲೇ ನಿಂತಿದೆಯೆಂದು ಸುದ್ದಿ ಬಂದಮೇಲೆ, ಅದಕ್ಕಾಗಿ ಕಾದಿದ್ದ ನಾವು ನಾಲ್ವರು ಪಕ್ಕದಲ್ಲಿದ್ದ ವೆಲಿಚ್ಕೊ ಅಜ್ಜನ ಗ್ಯಾರೇಜಿಗೆ ನುಗ್ಗಿದೆವು. ಈ ರೊಡೋಪಿ ಬೆಟ್ಟದಲ್ಲಿ ಹಳೇ ಕಾರುಗಳ ನಾಡಿ ಬಲ್ಲವನು ಅವನೊಬ್ಬನೇ. ಅಜ್ಜ ಒಲೆಗೆ ಸೌದೆ ಒಟ್ಟಿ ಎಲ್ಲರಿಗೂ ಹಣ್ಣಿನ ಸಾರಾಯಿ ರಾಕಿಯಾ ಒಂದೊಂದು ಗುಟುಕು ಸುರಿದ. ಮಾತು ಎಲ್ಲಿಂದೆಲ್ಲಿಗೋ ಹೋಗಿ, ಅಂಚೆ ಹಂಚುವ ಜ್ಲಾಟ್ಕಾ "ದೆವ್ವಗಿವ್ವ ಎಲ್ಲಾ ಕಟ್ಟುಕತೆ" ಎಂದದ್ದೇ ತಡ, ಅಜ್ಜ ಕುರ್ಚಿ ಎಳೆದುಕೊಂಡು ಕೂತ.

"ಕಟ್ಟುಕತೆ ಅಂತೀಯಾ? ಅನ್ನು ತಾಯಿ, ನನ್ನ ಗಂಟೇನು ಹೋಗತ್ತೆ... ಮೇಲಿನ ಕೇರಿಯ ಕೊನೇ ಮನೆ ರಾಡೊಯ್ ಗೊತ್ತಲ್ಲ, ಮರ ಕೊಯ್ಯೋ ಮಿಲ್ಲಿನಲ್ಲಿದ್ದೋನು? ಅವನ ಹತ್ರ ಅರವತ್ತೇಳನೇ ಇಸವಿಯದೊಂದು ಕಾರಿತ್ತು. ಅವನು ಅದನ್ನ ಹೊರಡಿಸಿದಾಗೆಲ್ಲ, ಬರೀ ಬ್ರೆಡ್ ತರೋಕೆ ಪೇಟೆಗೆ ಇಳಿದ್ರೂ ಸರಿ, ಹೆಂಡತಿ ಡೊಬ್ರಿನಾ ಗೇಟಿನ ಎಡಗಡೆ ನಿಂತು, ತಾಮ್ರದ ತಂಬಿಗೆಯಿಂದ ಕಾರಿನ ಹಿಂದೆ ನೀರು ಚೆಲ್ಲೋಳು. ನೀರು ಹರಿದ ಹಾಗೆ ದಾರಿ ಸಲೀಸಾಗ್ಲಿ ಅಂತ ನಮ್ಮ ನಿಮ್ಮ ಅಮ್ಮಂದಿರೂ ಚೆಲ್ತಿದ್ರಲ್ಲ, ಹಾಗೇನೆ.

"ಹನ್ನೊಂದು ವರ್ಷದ ಹಿಂದೆ, ಬೇಸಿಗೇಲಿ, ಡೊಬ್ರಿನಾ ಹೋಗ್ಬಿಟ್ಟಳು. ಆಮೇಲೆ ಆ ಮನುಷ್ಯನ್ನ ನೋಡೋಕಾಗ್ತಿರಲಿಲ್ಲ ಕಣ್ರಪ್ಪಾ... ಮನೆಯೊಳಗೆ ಊಟಕ್ಕೆ ಕೂರಕ್ಕಾಗದೆ, ಅಂಗಳದಲ್ಲಿ ನಿಂತ ಕಾರಲ್ಲಿ ಕೂತು ಡಬ್ಬಿ ಮೀನು ತಿನ್ನೋನು. ಒಬ್ಬನೇ ಇನ್ನೊಂದು ಚಳಿಗಾಲ ಇದ್ರೆ ಉಳಿಯಲ್ಲ ಅಂದುಬಿಟ್ರು ಡಾಕ್ಟರು. ದೂರದ ಸಮುದ್ರದ ದಡದ ಬುರ್ಗಾಸಿನಲ್ಲಿರೋ ಅವನ ಅಕ್ಕ 'ಹಿಮ ಬೀಳೋದ್ರೊಳಗೆ ಬಂದ್ಬಿಡೋ' ಅಂತ ಫೋನಿನ ಮೇಲೆ ಫೋನು ಮಾಡಿದಳು. ಅವನೂ ಹೂಂ ಅಂದ. ಆದ್ರೆ ಹೊರಟ ದಿನ ನಮ್ಮೂರಿನ ಸೇತುವೆ ದಾಟಲಿಲ್ಲ... ನೇರ ಇಲ್ಲಿಗೆ ಬಂದ. 'ವೆಲಿಚ್ಕೊ, ಹಿಂದಿನಿಂದ ಯಾರೋ ಎಳೆದು ಹಿಡಿದ ಹಾಗಿದೆ ಕಣೋ' ಅಂದ.

"ನಾನು ಕೈಯಿಟ್ಟು ನೋಡಿದೆ. ಬಲಗಡೆ ಹಿಂಚಕ್ರದ ಬ್ರೇಕ್ ಡ್ರಮ್ ತಣ್ಣಗೆ, ಎಡಗಡೆದು ಬೆರಳು ಸುಡತ್ತೆ! ಜಾಕ್ ಕೊಟ್ಟು ಎತ್ತಿ ತಿರುಗಿಸಿದ್ರೆ ಚಕ್ರ ಅಲ್ಲಾಡಲ್ಲ. ಹ್ಯಾಂಡ್ ಬ್ರೇಕಿನ ಕೇಬಲ್ ಸಡಿಲ ಮಾಡಿದೆ, ಆದ್ರೂ ಇಲ್ಲ. ಬ್ರೇಕ್ ಆಯಿಲ್ ಪೈಪಲ್ಲಿ ಸಿಕ್ಕಿಕೊಂಡು ಒತ್ತಿ ಹಿಡಿದಿರಬಹುದು ಅಂತ ಚಕ್ರದ ಹತ್ರದ ತಿರುಪು ಬಿಚ್ಚಿದೆ. ಹಾಗಿದ್ರೆ ಚಿಮ್ಮಬೇಕಿತ್ತು, ಎರಡು ತೊಟ್ಟು ಬಂತು ಅಷ್ಟೇ. ಕೊನೆಗೆ ಸುತ್ತಿಗೇಲಿ ತಟ್ಟಿ ತಟ್ಟಿ ಡ್ರಮ್ ಕಳಚಿದ್ರೆ... ಒಳಗೆ ಬ್ರೇಕ್ ಹಿಂದಕ್ಕೆ ಸರಿಯೋ ಕೀಲು ತುಕ್ಕು ಹಿಡಿದು ಕಚ್ಕೊಂಡಿದೆ, ತಳದಲ್ಲಿ ಒಂದು ಚಮಚ ನೀರು. ಮಳೆ ಬಿದ್ದು ಮೂರು ವಾರ ಆಗಿತ್ತು. ಎಲ್ಲಿಂದ ಬಂತು ಹೇಳಿ ಆ ನೀರು?

"ಉಜ್ಜಿ, ಗ್ರೀಸ್ ಹಚ್ಚಿ ಕಳಿಸಿದೆ. ಮಾರನೇ ದಿನ ಬ್ರೆಡ್ಡಿಗೆ ಅಂತ ಪೇಟೆಗೆ ಹೋಗಿ ಬಂದನಂತೆ. ಮೂರನೇ ದಿನ ಮತ್ತೆ ಅಕ್ಕನ ಊರಿಗೆ ಹೊರಟ, ಮತ್ತೆ ಅದೇ ಚಕ್ರ, ಮತ್ತೆ ಅದೇ ತುಕ್ಕು! 'ಹಗಲೆಲ್ಲಾ ಕಾರು ತೊಳೀತೀಯೇನೋ ಕತ್ತೆ?' ಅಂತ ಬೈದೆ. 'ಮುಖ ತೊಳ್ಕೊಳ್ಳೋದನ್ನೇ ಬಿಟ್ಟಿದೀನಿ, ಕಾರು ತೊಳೀತೀನಾ' ಅಂದ. ಮೂರನೇ ಸಲ ಬಂದಾಗ ಅವನ ಮುಖದಲ್ಲಿ ರಕ್ತ ಇರಲಿಲ್ಲ. 'ಡೊಬ್ರಿನಾ ನನ್ನ ಬಿಡ್ತಾ ಇಲ್ಲ ಕಣೋ. ನಾನು ಹೋಗಲ್ಲ, ಇಲ್ಲೇ ಸಾಯ್ತೀನಿ' ಅಂದ. ಬೆಟ್ಟದ ತುದೀಲಿ ಆಗಲೇ ಹಿಮ ಕಾಣ್ತಿತ್ತು.

"ನನಗೆ ಸಿಟ್ಟು ನೆತ್ತಿಗೇರಿತು. ಚಕ್ರ ಸರಿಮಾಡಿ, ಮಾರನೇ ಬೆಳಿಗ್ಗೆ ಹತ್ತು ಗಂಟೆಗೆ ಅವನ ಮನೆಗೇ ಹೋದೆ. ಒಳ್ಳೇ ಬಿಸಿಲು. ಗೇಟಿಗೆ ಅಂಟಿಸಿದ್ದ ಸಾವಿನ ಕಾಗದದ ಫೋಟೋದಲ್ಲಿ ಡೊಬ್ರಿನಾ ನಗ್ತಾ ಇದ್ದಳು. 'ಹತ್ತು, ಹೊರಡಿಸು, ನಾನಿದೀನಿ' ಅಂದೆ. ಕಾರು ಗೇಟು ದಾಟ್ತು... ನನ್ನ ಪಕ್ಕದಲ್ಲೇ, ಇಷ್ಟು ಹತ್ರ, ಚಳ್ ಅಂತ ಸದ್ದು! ತಿರುಗಿ ನೋಡ್ತೀನಿ, ನರಪಿಳ್ಳೆ ಇಲ್ಲ. ಧೂಳೆಲ್ಲ ನೆಂದಿದೆ, ನನ್ನ ಪ್ಯಾಂಟು ಮಂಡಿವರೆಗೆ ಒದ್ದೆ, ಎಡ ಹಿಂಚಕ್ರದಿಂದ ನೀರು ತೊಟ್ಟಿಕ್ತಾ ಇದೆ.

"ಒಂದು ಗಳಿಗೆ ಆದಮೇಲೆ ತಲೆ ಓಡ್ತು ನೋಡಿ. ಓಡಿ ಹೋಗಿ ಕಿಟಕಿ ಬಡಿದೆ. 'ಲೋ ಪೆದ್ದ, ನೀರು ಚೆಲ್ಲೋದು ಹೋಗಬೇಡ ಅನ್ನೋಕೇನೋ? ಸುಖವಾಗಿ ಹೋಗು ಅನ್ನೋಕಲ್ವೇನೋ! ಅವಳು ನಿನ್ನ ಹಿಡಿದಿಲ್ಲ, ಕಳಿಸ್ತಿದಾಳೆ. ಕಬ್ಬಿಣಕ್ಕೆ ನೀರು ಬಿದ್ರೆ ತುಕ್ಕು ಹಿಡಿಯತ್ತೆ, ಅದಕ್ಕೆ ಅವಳೇನು ಮಾಡ್ತಾಳೆ?'

"ಸ್ಟೀರಿಂಗಿಗೆ ಹಣೆ ಇಟ್ಟು ಅತ್ತ... ಹೆಂಡತಿಯ ಮಣ್ಣಿನ ದಿನವೂ ಅಳದೇ ಇದ್ದೋನು. ಆಮೇಲೆ ಮೂಗು ಒರೆಸ್ಕೊಂಡು, ಕನ್ನಡೀಲಿ ಹಿಂದೆ ಒಂದು ಸಲ ನೋಡಿ, ಹೋದ. ತುಕ್ಕು ಹಿಡಿದು ಚಕ್ರ ಬಿಗಿಯೋಕೆ ಒಂದು ರಾತ್ರಿಯಾದ್ರೂ ಬೇಕಲ್ಲ, ಅಷ್ಟರೊಳಗೆ ಬುರ್ಗಾಸ್ ಸೇರಿದ್ದ. ಅಕ್ಕನ ಕೈಯಡುಗೆ ತಿಂದು ಒಂಬತ್ತು ವರ್ಷ ಬದುಕಿದ, ಅಲ್ಲೇ ಮಣ್ಣಾದ."

ಜ್ಲಾಟ್ಕಾ ಸಮಾಧಾನದ ಉಸಿರು ಬಿಟ್ಟಳು. "ಒಳ್ಳೇದೇ ಆಯ್ತಲ್ಲ ಅಜ್ಜ. ಇದರಲ್ಲಿ ಹೆದರೋಕೇನಿದೆ?"

"ಹೋದೋನಿಗೆ ಒಳ್ಳೇದಾಯ್ತು ತಾಯಿ. ಕಳಿಸಿದೋಳು ಆ ಗೇಟಿನ ಹತ್ರಾನೇ ಉಳಿದಳಲ್ಲ... ಕಳಿಸೋಕೆ ಅವಳಿಗಿನ್ನು ಯಾರಿದ್ರು ಹೇಳು? ನಾನೋ ಮದುವೆ ಆದೋನಲ್ಲ. ಅಮ್ಮ ಹೋಗಿ ನಲವತ್ತು ವರ್ಷ ಆಯ್ತು, ಅಲ್ಲಿಂದೀಚೆಗೆ ನಾನು ಹೊರಟಾಗ ನನ್ನ ಹಿಂದೆ ಯಾರೂ ಒಂದು ಹನಿ ನೀರು ಚೆಲ್ಲಿರಲಿಲ್ಲ. ಅದಕ್ಕೇ ರಾಡೊಯ್ ಸತ್ತಮೇಲೆ, ಭಾನುವಾರ ಭಾನುವಾರ ನನ್ನ ಕಾರು ತಗೊಂಡು ಮೇಲಿನ ಕೇರಿಗೆ ಹೋಗ್ತೀನಿ. ಆ ಗೇಟಿನ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂರ್ತೀನಿ... ಆಮೇಲೆ ಹೊರಡ್ತೀನಿ."

ಅಜ್ಜ ಎದ್ದು ಲೋಟಗಳನ್ನು ಎತ್ತಿಕೊಂಡ.

"ನನ್ನ ಕಾರಿನ ಎಡ ಹಿಂಚಕ್ರ ಬಿಗೀತಾ ಎರಡು ವರ್ಷ ಆಯ್ತು," ಎಂದ. "ನಾನೇ ಮೆಕ್ಯಾನಿಕ್ಕು, ಅರ್ಧ ಗಂಟೆ ಕೆಲಸ... ಬಿಚ್ಚೋಕೆ ಮನಸ್ಸು ಬರಲ್ಲ."