ಹನ್ನೊಂದು ಕಾದಂಬರಿ, ಹನ್ನೊಂದು ತೂತು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಈ ಗ್ರಂಥಾಲಯದ ಕಾರ್ಯದರ್ಶಿಗಳೇ, ನನ್ನನ್ನು ಬಾಯ್ತುಂಬಾ ಹೊಗಳಿ ಈಗ ಆರಾಮಾಗಿ ನೀರು ಕುಡಿಯುತ್ತಿರುವ ಪ್ರಾಧ್ಯಾಪಕರೇ, ಫ್ಯಾನಿನ ಕೆಳಗೆ ಜಾಗ ಸಿಗದಿದ್ದರೂ ಎದ್ದು ಹೋಗದ ಸಭಿಕರೇ,

ಸನ್ಮಾನಕ್ಕೆ ಕೃತಜ್ಞ. ಆದರೆ ನನಗೆ ಸಿಟ್ಟು ಬಂದಿದೆ. ಮುಚ್ಚಿಟ್ಟುಕೊಂಡು ನಗುವುದು ನನ್ನಿಂದಾಗದು.

ನನ್ನ ಸ್ಫೂರ್ತಿ ವಿದೇಶದ ಪತ್ತೇದಾರಿ ಸಾಹಿತ್ಯ ಎಂದು ಪ್ರಾಧ್ಯಾಪಕರು ಅಪ್ಪಣೆ ಕೊಡಿಸಿದರು. ಯಾರು ಹೇಳಿದರು ಸ್ವಾಮಿ ನಿಮಗೆ? ನಾನು ಪತ್ತೇದಾರಿ ಕಾದಂಬರಿಗಳನ್ನು ಓದುವುದೇ ಇಲ್ಲ! ನಾನು ಓದುವುದು ಪತ್ರಿಕೆಯಲ್ಲಿ 'ಕಾಣೆಯಾಗಿದ್ದಾರೆ' ಪ್ರಕಟಣೆಗಳನ್ನು, ಓದುಗರ ದೂರುಗಳನ್ನು, ಔಷಧಿ ಡಬ್ಬಿಯೊಳಗಿನ ಸಣ್ಣಕ್ಷರದ ಚೀಟಿಯನ್ನು. ಇನ್ನು ಸ್ಫೂರ್ತಿ? ನನ್ನ ಅಕ್ಕನ ಹೊಲಿಗೆ ಅಂಗಡಿ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಬಟ್ಟೆ ಕತ್ತರಿಸುವ ಮೇಜಿನ ಒಂದು ತುದಿಯಲ್ಲಿ ಅವಳ ಕತ್ತರಿ, ಇನ್ನೊಂದು ತುದಿಯಲ್ಲಿ ನನ್ನ ಕಾಗದ. ಅಳತೆ ಕೊಡಲು ಬಂದವರು ಕೈಯೆತ್ತಿ ನಿಂತುಕೊಂಡು ಅತ್ತಿಗೆ, ನಾದಿನಿ, ಪಕ್ಕದ ಮನೆಯವರ ಗುಟ್ಟನ್ನೆಲ್ಲ ಹೇಳಿಬಿಡುತ್ತಿದ್ದರು. ನಾನು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದೆ.

ನನಗೊಂದು ಪದ್ಧತಿಯಿದೆ. ಮೊದಲು ಕೊನೆಯ ಅಧ್ಯಾಯವನ್ನು ಬರೆದು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ. ಉಳಿದದ್ದನ್ನು ಬರೆದು ಅಕ್ಕನಿಗೆ ಕೊಡುತ್ತೇನೆ. ಓದಿ ಮುಗಿಸಿ ಕೊಲೆಗಾರ ಯಾರೆಂದು ಅವಳು ಹೇಳಬೇಕು. ತಪ್ಪು ಹೇಳಿದರೆ ಪುಸ್ತಕ ಅಚ್ಚಿಗೆ. ಸರಿ ಹೇಳಿದರೆ ಒಲೆಗೆ. ಹಾಗೆ ಒಲೆಗೆ ಹೋದದ್ದು ಒಂದೇ ಒಂದು, ನನ್ನ ಮೊಟ್ಟಮೊದಲ ಪ್ರಯತ್ನ. ಎರಡು ವರ್ಷದ ಕೆಲಸ. ಅವಳು ನಾಲ್ಕನೇ ಅಧ್ಯಾಯಕ್ಕೇ, "ಇವನೇ ಅಲ್ವೇನೋ?" ಎಂದಳು. ಅಷ್ಟನ್ನೂ ಸುಟ್ಟೆ. ಮೂರು ದಿನ ಊಟ ಬಿಟ್ಟೆ. ಬರಹಗಾರನಿಗೆ ಶಿಸ್ತು ಬೇಡವೇ? ಅಕ್ಕ ತಟ್ಟೆ ತಂದಿಡುವಳು, ಒಯ್ಯುವಳು, ಮತ್ತೆ ತಂದಿಡುವಳು.

ಆಮೇಲೆ ಹನ್ನೊಂದು ಕಾದಂಬರಿಗಳು. ಹನ್ನೊಂದು ಸಲವೂ ಅಕ್ಕ ಸೋತಳು. "ಆ ವಕೀಲನೇ ಇರಬೇಕು ಕಣೋ" ಎನ್ನುವಳು. ನಾನು ಓಡಿಹೋಗಿ ಬೀರು ತೆಗೆದು, ಕೊನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದುತ್ತಿದ್ದೆ. "ಅಯ್ಯೋ, ಕಾಂಪೌಂಡರಾ! ನಂಗೆ ಹೊಳೀಲೇ ಇಲ್ವಲ್ಲೋ!" ಎಂದು ಕೈಯಲ್ಲಿದ್ದ ಕತ್ತರಿಯನ್ನೇ ಬೀಳಿಸುವಳು. ಆ ಕತ್ತರಿಯ ಸದ್ದಿನ ಮುಂದೆ ನಿಮ್ಮ ಚಪ್ಪಾಳೆ ಏನೂ ಅಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ನಾಲ್ಕು ತಿಂಗಳ ಹಿಂದೆ ಇದೇ ಗ್ರಂಥಾಲಯದವರು ಪ್ರದರ್ಶನಕ್ಕೆಂದು ನನ್ನ ಹಳೆಯ ಹಸ್ತಪ್ರತಿ ಕೇಳಿದರು. ಶಾಯಿ ಮಾಸಿತ್ತು. ಒಂದು ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿದೆ. ಕಾಂಪೌಂಡರನ ಹೆಸರಿನ ಕೆಳಗೆ ಬೆಳಕಿನ ಒಂದು ಚುಕ್ಕೆ. ಗುಂಡುಸೂಜಿಯ ತೂತು! ಪುಟ ಇಪ್ಪತ್ತೇಳು. ಹನ್ನೊಂದನ್ನೂ ತೆಗೆದು ಒಂದೊಂದೇ ಹಾಳೆ ಹಿಡಿದು ನೋಡಿದೆ. ಪ್ರತಿಯೊಂದರಲ್ಲೂ ಒಂದೇ ತೂತು, ಕೊಲೆಗಾರನ ಹೆಸರಿನ ಕೆಳಗೆ. ಯಾವುದೂ ಅರವತ್ತನೇ ಪುಟ ದಾಟಿಲ್ಲ.

"ಏನೇ ಇದು?" ಎಂದು ಕೂಗಾಡಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು, "ಗೊತ್ತಾದ ಕಡೆ ಚುಚ್ಚಿಟ್ಟೆ. ಬಟ್ಟೆಗೂ ಹಾಗೇ ಮಾಡ್ತೀನಲ್ಲ."

"ಮತ್ತೆ ಸುಳ್ಳು ಯಾಕೆ ಹೇಳ್ದೆ?"

"ನಿಜ ಹೇಳಿದ್ರೆ ನೀನು ಊಟ ಬಿಡ್ತೀಯಲ್ಲೋ."

ಸಭಿಕರೇ, ಇದು ನ್ಯಾಯವೇ? ನನ್ನ ಒಬ್ಬಳೇ ಪ್ರಾಮಾಣಿಕ ಓದುಗಿ ಮೂವತ್ತು ವರ್ಷ ನನಗೆ ಮಂಕುಬೂದಿ ಎರಚಿದ್ದಾಳೆ! ಕಾಗದ, ಪೆನ್ನು ಎತ್ತಿಕೊಂಡು ಮಹಡಿಯ ಕೋಣೆಗೆ ಹೋದೆ. ನಾಲ್ಕು ತಿಂಗಳಿಂದ ಮಾತು ಬಿಟ್ಟಿದ್ದೇನೆ. ಊಟ ಮಾತ್ರ ಬಿಟ್ಟಿಲ್ಲ. ಮೆಟ್ಟಿಲ ಮೇಲೆ ತಟ್ಟೆ ಬಂದು ಕೂತಿರುತ್ತದೆ. ನಾನು... ತಿಂದು ತೊಳೆದಿಡುತ್ತೇನೆ. ಇರಲಿ.

ಇವತ್ತು ಈ ಫಲಕದ ಮೇಲೆ ಏನು ಕೆತ್ತಿಸಿದ್ದೀರಿ? 'ಇವರ ಕೊಲೆಗಾರನನ್ನು ಊಹಿಸಬಲ್ಲ ಓದುಗ ಇನ್ನೂ ಹುಟ್ಟಿಲ್ಲ.' ಹುಟ್ಟಿಲ್ಲವೇ? ನನಗಿಂತ ಒಂಬತ್ತು ವರ್ಷ ಮೊದಲೇ ಹುಟ್ಟಿದ್ದಾಳೆ! ಅಗೋ, ನಾಲ್ಕನೇ ಸಾಲಿನ ಕೊನೆಯ ಕುರ್ಚಿ. ನಾನು ಕರೆದಿರಲಿಲ್ಲ, ಆದರೂ ಬಂದಿದ್ದಾಳೆ. ಈ ಸುಳ್ಳು ಫಲಕವನ್ನು ನಾನು ಮನೆಗೆ ಒಯ್ಯಲಾರೆ.

ಅಕ್ಕಾ, ಹನ್ನೆರಡನೆಯದು ಈ ಚೀಲದಲ್ಲಿದೆ. ನೀನು ಓದುವುದಿಲ್ಲ ಎಂದುಕೊಂಡ ಮೇಲೆ ಕೊನೆ ಬರೆಯುವುದಕ್ಕೇ ಕೈ ಓಡಲಿಲ್ಲ. ಇದಕ್ಕೆ ಕೊನೆಯ ಅಧ್ಯಾಯವಿಲ್ಲ. ಬೀರು ಖಾಲಿ. ಈ ಸಲ ನಿಜ ಹೇಳು. ನಾನು ಸುಡುವುದಿಲ್ಲ, ಊಟವನ್ನೂ ಬಿಡುವುದಿಲ್ಲ. ಅವತ್ತು ಸುಟ್ಟಿದ್ದು ಶಿಸ್ತಲ್ಲ ಅಕ್ಕಾ, ಬರೀ ಜಂಬ. ನನಗೆ ನಾಚಿಕೆಯಾಗಿದೆ.

ಕಾರ್ಯದರ್ಶಿಗಳೇ, ಇದನ್ನು ದಯವಿಟ್ಟು ಹಿಂದಕ್ಕೆ ದಾಟಿಸಿ. ಎರಡನೇ ಸಾಲಿನವರೇ, ಇಣುಕಬೇಡಿ. ಹಾಂ, ಅವರಿಗೇ ಕೊಡಿ, ಕನ್ನಡಕ ಹಾಕಿಕೊಳ್ಳುತ್ತಿದ್ದಾರಲ್ಲ, ಅವರಿಗೆ.

ಅಧ್ಯಕ್ಷರಿಗೂ, ಕಾರ್ಯದರ್ಶಿಗಳಿಗೂ, ತಪ್ಪು ಹೇಳಿದರೂ ಚೆನ್ನಾಗಿ ಹೇಳಿದ ಪ್ರಾಧ್ಯಾಪಕರಿಗೂ ನನ್ನ ವಂದನೆಗಳು. ಇಷ್ಟು ಹೊತ್ತು ನನ್ನ ಸಿಟ್ಟನ್ನು ಸಹಿಸಿಕೊಂಡ ನಿಮಗೂ...

ಅಕ್ಕಾ! ಗುಂಡುಸೂಜಿ ಯಾಕೆ ತೆಗೆದೆ? ಅದು ಇನ್ನೂ ಎರಡನೇ ಪುಟ! ಕೊಲೆಗಾರ ಯಾರೆಂದು ನನಗೇ ಗೊತ್ತಿಲ್ಲ ಕಣೇ, ನಿನಗೆ ಹೇಗೆ ಗೊತ್ತಾಯಿತು?

ಕ್ಷಮಿಸಿ ಸಭಿಕರೇ, ನಾನು ಕೆಳಗಿಳಿದು ಹೋಗಿ ನೋಡಬೇಕು. ನಮಸ್ಕಾರ.