ಕೋರ್ಟಿನ ಬೆಂಚಿಗೆ ಹೊಡೆದ ಬೆಣೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅತಿಥಿಗಳೇ, ನಮ್ಮ ಬಡಗಿಗಳ ಸಂಘದ ಹಿರಿಯರೇ, ಮೂರನೇ ಸಾಲಿನಲ್ಲಿ ಕೂತಿರುವ ನನ್ನ ಅಣ್ಣನೇ, ಸಭಿಕರೇ,

ಐದನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವನು ನಾನು. ಮೈಕು ಕಂಡರೆ ಕಾಲು ನಡುಗುತ್ತದೆ. ಆದರೆ ಇವತ್ತು ನನ್ನ ಕಾಲಿಗಿಂತ ಹೆಚ್ಚಿನ ಚಿಂತೆ ಅಧ್ಯಕ್ಷರ ಕುರ್ಚಿಯ ಕಾಲಿನದು. ಯಾಕೆಂದು ಆಮೇಲೆ ಹೇಳುತ್ತೇನೆ. ತಾವು ಆರಾಮವಾಗಿ ಒರಗಿ, ಅಧ್ಯಕ್ಷರೇ. ಸ್ವಲ್ಪ ನಿಧಾನವಾಗಿ.

ಅಪ್ಪ ತೀರಿಕೊಂಡ ದಿನ ನಮ್ಮ ಮರಗೆಲಸದ ಶೆಡ್ಡಿನಲ್ಲಿ ಒಂದು ಕುರ್ಚಿ ಅರ್ಧಕ್ಕೆ ನಿಂತಿತ್ತು. ಮೂರು ಕಾಲು ಕೂಡಿಸಿದ್ದರು, ನಾಲ್ಕನೆಯದು ಬಾಕಿ. ಅದನ್ನು ಹಾಕಬೇಕಾದ ಇಬ್ಬರು ಗಂಡುಮಕ್ಕಳು ಹಾಕಿದ್ದೇನು? ದಾವೆ. ಹಾಕಿದವರು ಯಾರು? ನಾನೇ.

ಅಣ್ಣ ನನ್ನನ್ನು ಶೆಡ್ಡಿನಿಂದ ಹೊರಗೆ ಕಳಿಸಿಬಿಟ್ಟರೆ ಎಂಬ ಹೆದರಿಕೆ. ಅವನು ಹಾಗೆ ಅಂದಿದ್ದನೇ? ಇಲ್ಲ. ಬಾಯಿಬಿಟ್ಟು ಕೇಳಿದ್ದರೆ ಒಂದು ಲೋಟ ಚಹಾ ಆರುವಷ್ಟರಲ್ಲಿ ಉತ್ತರ ಸಿಗುತ್ತಿತ್ತು. ನಾನು ವಕೀಲರ ಕೈಲಿ ಕೇಳಿಸಿದೆ. ಅವನು ವಕೀಲರ ಕೈಲಿ ಉತ್ತರ ಕೊಡಿಸಿದ. ಹದಿನಾಲ್ಕು ಪುಟ! ನನಗೂ ಅರ್ಥವಾಗಲಿಲ್ಲ, ಅವನಿಗೂ ಆಗಿರಲಿಲ್ಲವಂತೆ. ತೀರ್ಪು ಬರುವ ತನಕ ಯಾರೂ ಏನನ್ನೂ ಮುಟ್ಟಬಾರದೆಂದು ಆದೇಶವಾಯಿತು. ಶೆಡ್ಡಿಗೆ ಒಂಬತ್ತು ವರ್ಷ ಬೀಗ. ಉಳಿಗೂ ತುಕ್ಕು ಹಿಡಿಯಿತು, ಮಾತಿಗೂ ಹಿಡಿಯಿತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರೆ. ನಾವು ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ, ಬೆಂಚು ಸವೆಸಿದೆವು.

ಆ ಬೆಂಚು! ಅದರದ್ದೊಂದು ಕಾಲು ಗಿಡ್ಡ. ಕೋರ್ಟಿನ ವರಾಂಡದಲ್ಲಿ ನಾನು ಈ ತುದಿ, ಅಣ್ಣ ಆ ತುದಿ. ಅವನು ಮಿಸುಕಿದರೆ ನಾನು ಮೇಲೆ, ನಾನು ಮಿಸುಕಿದರೆ ಅವನು ಮೇಲೆ. ಒಂಬತ್ತು ವರ್ಷ ತಡೆದೆವು. ಒಂದು ದಿನ ತಡೆಯಲಾಗಲಿಲ್ಲ. ಬಡಗಿಗಳಲ್ಲವೇ? ಇಬ್ಬರೂ ಒಟ್ಟಿಗೆ ಬೆಂಚಿನ ಕೆಳಗೆ ನುಗ್ಗಿದೆವು, ತಲೆಗೆ ತಲೆ ಡಿಕ್ಕಿ.

“ಎತ್ತಿ ಹಿಡಿಯೋ, ಪೆದ್ದು!” ಅಂದ ಅಣ್ಣ.

“ಹಿಡಿದಿದ್ದೀನಲ್ಲ! ನೀನು ಬೆಣೆ ಹೊಡಿ!”

ಅಲ್ಲೇ ಬಿದ್ದಿದ್ದ ಮರದ ಚೂರು ಬೆಣೆ, ಅಣ್ಣನ ಚಪ್ಪಲಿಯೇ ಸುತ್ತಿಗೆ. ಅಷ್ಟರಲ್ಲಿ ಜವಾನ ನಮ್ಮನ್ನು ಮೂರು ಸಲ ಕೂಗಿದನಂತೆ. ವಕೀಲರಿಬ್ಬರೂ ಬೇರೆ ಕೋಣೆಯಲ್ಲಿದ್ದರು. ನಮಗೆ ಚಪ್ಪಲಿಯ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಎರಡೂ ಕಡೆಯವರು ಗೈರು, ದಾವೆ ವಜಾ!

ಅಣ್ಣ ಚಪ್ಪಲಿ ಮೆಟ್ಟಿಕೊಳ್ಳುತ್ತಾ, “ಮತ್ತೆ ಹಾಕ್ತೀಯೇನೋ?” ಅಂದ. ಆಗ ಮೊದಲ ಸಲ ನನ್ನ ಬಾಯಿಂದಲೇ ಕೇಳಿದೆ: “ಅಣ್ಣಾ, ಶೆಡ್ಡಲ್ಲಿ ನಂಗೂ ಜಾಗ ಇದೆಯಾ?”

“ಥೂ, ಇದನ್ನ ಕೇಳೋಕೆ ಒಂಬತ್ತು ವರ್ಷ ಬೇಕಾಯ್ತಾ? ನಡಿ, ಅಪ್ಪನ ಕುರ್ಚಿಗೆ ಕಾಲಿಲ್ಲ.”

ಅಧ್ಯಕ್ಷರೇ, ತಾವು ಕೂತಿರುವುದು ಅದೇ ಕುರ್ಚಿ. ಏಳಬೇಡಿ, ಏಳಬೇಡಿ! ಮೂರು ಕಾಲು ಅಪ್ಪನವು. ನಾಲ್ಕನೆಯದನ್ನು ಅಣ್ಣ ಕೆತ್ತಿದ, ನಾನು ಕೂಡಿಸಿದೆ. ಅಲುಗಾಡಿಬಿಟ್ಟರೆ ಏನು ಗತಿ ಎಂದು ಜೇಬಿನಲ್ಲಿ ಒಂದು ಬೆಣೆ ಇಟ್ಟುಕೊಂಡೇ ಬಂದೆ. ಇದೋ ನೋಡಿ. ಅಣ್ಣಾ, ನೀನ್ಯಾಕೆ ಜೇಬು ಮುಚ್ಚಿಕೊಳ್ತೀಯ? ತೋರಿಸು, ತೋರಿಸು... ಅವನೂ ತಂದಿದ್ದಾನೆ, ಸಭಿಕರೇ!

ಎರಡೂ ಬೇಕಾಗಲಿಲ್ಲ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ, ಇಷ್ಟು ಹೊತ್ತು ಧೈರ್ಯವಾಗಿ ಕೂತ ಅಧ್ಯಕ್ಷರಿಗೆ, ನಮ್ಮಿಬ್ಬರ ಕೃತಜ್ಞತೆ. ನಮಸ್ಕಾರ.