ಬಿಚ್ಚಿಟ್ಟ ಮೇಲೂ ಬಂದ ಸದ್ದು

ಸಂಜೆ ಹಿಡಿದ ಮಳೆಗೆ ಗೋವಿಂದರಾಜನಗರದ ಆ ಬೀದಿಯ ಕರೆಂಟು ಹೋಗಿತ್ತು. ಮೊಮ್ಮಕ್ಕಳಾದ ಮೇಧಾ, ಧ್ರುವ ವರಾಂಡಕ್ಕೆ ಚಾಪೆ ಎಳೆದು ತಂದು ತಾತನಿಗೆ ಅಂಟಿಕೊಂಡು ಕೂತರು. ವೆಂಕಟಗಿರಿಯವರು ನಲವತ್ತು ವರ್ಷ ಎ.ಸಿ. ರಿಪೇರಿ ಮಾಡಿದವರು. ಕೈಯಲ್ಲಿ ಬಿಸಿ ಬೋಂಡ, ಎದುರಿಗೆ ಕೇಳುವ ಕಿವಿ ಇದ್ದರೆ ಅವರಿಗೆ ಅದೇ ಹಬ್ಬ.

"ದೆವ್ವ ಇದೆಯಾ ತಾತ?" ಮೇಧಾ ಕೇಳಿದಳು.

"ನಂಗೊತ್ತಿಲ್ಲ ಕಣೇ. ಕಣ್ಣೆದುರಿಗೆ ಆಗಿದ್ದು ಹೇಳ್ತೀನಿ, ನೀವೇ ತೀರ್ಮಾನ ಮಾಡಿ... ರಾಜರಾಜೇಶ್ವರಿನಗರದಲ್ಲಿ ಶುಭಾ ಅಂತ ಒಬ್ಬರು ಟೀಚರ್ರು, ನಾಲ್ಕು ತಿಂಗಳ ಕೂಸು ಎತ್ಕೊಂಡು ಹೊಸದಾಗಿ ಬಾಡಿಗೆಗೆ ಬಂದಿದ್ರು. ಆ ಮನೆ ಗೋಡೇಲಿ ಅಂಗೈ ಅಗಲದ ಬಿಳಿ ಡಬ್ಬಿ. ಸ್ಮಾರ್ಟ್ ಥರ್ಮೋಸ್ಟ್ಯಾಟು, ಎ.ಸಿ. ತಂಪನ್ನ ತಾನೇ ಏರಿಸಿ ಇಳಿಸೋದು. ಅದು ಹಗಲೆಲ್ಲಾ ಟಿಕ್... ಟಿಕ್... ಅಂತ. ಆ್ಯಪ್ ಅಪ್‌ಡೇಟ್ ಮಾಡಿದ್ರು, ಬ್ಯಾಟರಿ ಬದಲಾಯಿಸಿದ್ರು, ಊಹೂಂ. ತಲೆ ಚಿಟ್ಟು ಹಿಡಿದು ನನ್ನ ಕರೆಸಿದ್ರು. ಒಳಗಿನ ಪುಟ್ಟ ಸ್ವಿಚ್ಚು ಸವೆದ್ರೆ ಹಂಗೆ ಬಡ್ಕೊಳುತ್ತೆ. ಸ್ವಿಚ್ಚೇ ಹೊಸದು ಹಾಕಿದೆ, ವೈರ್ ಬಿಗಿ ಮಾಡಿದೆ, ಮತ್ತೂ ಟಿಕ್! ಕೊನೆಗೆ ಮೇನ್ ಆಫ್ ಮಾಡಿ, ಡಬ್ಬಿ ಬಿಚ್ಚಿ, ಬ್ಯಾಟರಿ ತೆಗೆದು ಊಟದ ಟೇಬಲ್ ಮೇಲಿಟ್ಟೆ. 'ಈಗ ಬಡ್ಕೊಳ್ಳಲಿ ನೋಡೋಣ' ಅಂತ ಶುಭಾ ನಕ್ಕು ಕಾಫಿ ಕೊಟ್ರು.

"ಎರಡು ಗುಟುಕು ಕುಡಿದಿರಲಿಲ್ಲ... ಟಿಕ್. ಕರೆಂಟಿಲ್ಲ, ಬ್ಯಾಟರಿ ಇಲ್ಲ, ಎಲ್ಲಿಂದ ಬರ್ಬೇಕು ಹೇಳು? ಟಿಕ್ ಟಿಕ್ ಟಿಕ್ ಟಿಕ್ ಅಂತ ಪುರುಸೊತ್ತಿಲ್ಲದಂಗೆ ಶುರುವಾಯ್ತು. ಶುಭಾ ಡಬ್ಬೀನ ಕಿವಿಗಿಟ್ಟು ಬಿಳಿಚಿಕೊಂಡ್ರು. 'ಸಾರ್, ಇದರೊಳಗಿಂದ ಅಲ್ಲ... ಪಾಪು ರೂಮಿಂದ!' ಓಡಿದ್ವಿ. ಕೂಸು ಬೋರಲು ಬಿದ್ದು, ಹೊದಿಕೆ ಮುಖಕ್ಕೆ ಸುತ್ಕೊಂಡು, ತುಟಿ ನೀಲಿಗಟ್ಟಿತ್ತು. ಅವರು ಬಾಚಿ ಎತ್ಕೊಂಡು ಬೆನ್ನು ತಟ್ಟಿದ್ರು, ತಟ್ಟಿದ್ರು... ಕಿಟಾರನೆ ಅತ್ತಿತು ನೋಡು! ಅಂಥ ಚೆಂದದ ಅಳು ಜನ್ಮದಲ್ಲಿ ಕೇಳಿಲ್ಲ. ಅಷ್ಟೇ, ಸದ್ದು ನಿಂತುಹೋಯ್ತು."

"ಯಾರು ತಾತ ಅದು?" ಧ್ರುವ ತಾತನ ಮಗ್ಗುಲಿಗೆ ಇನ್ನಷ್ಟು ಸರಿದ.

"ಮನೆ ಓನರ್‌ಗೆ ಫೋನ್ ಮಾಡಿದ್ವಿ. ಅವರು ಹೇಳಿದ್ರು. ಅವರ ಮಕ್ಕಳನ್ನ ಸಾಕಿದ್ದು ರಾಮಕ್ಕ ಅನ್ನೋ ಅಜ್ಜಿ, ಪಾಪು ಮಲಗಿದ್ದ ಆ ರೂಮಲ್ಲೇ ತೀರ್ಕೊಂಡಿದ್ರಂತೆ. ಹುಟ್ಟಾ ಮೂಗಿ. ಯಾರನ್ನಾದ್ರೂ ಕರೀಬೇಕಂದ್ರೆ ನಾಲಿಗೇಲಿ ಟಿಕ್ ಟಿಕ್ ಅನ್ನೋರಂತೆ..."

ಮೇಧಾ ತಾತನ ತೋಳು ಹಿಡಿದುಕೊಂಡಳು. "ಆ ಟೀಚರ್ ಮನೆ ಬಿಟ್ಟು ಹೋದ್ರಾ?"

"ಯಾಕೆ ಬಿಡ್ತಾರೆ? ಅಂಥ ಕಾವಲು ಇನ್ನೆಲ್ಲಿ ಸಿಗುತ್ತೆ? ಕೂಸು ನಡೆಯೋಕೆ ಕಲಿಯೋವರೆಗೂ ಆಗಾಗ ಕೇಳ್ತಿತ್ತು, ಆಮೇಲೆ ಎರಡು ವರ್ಷ ಸದ್ದೇ ಇಲ್ಲ. ಹೋದ ಸೋಮವಾರ ಶುಭಾ ಫೋನ್ ಮಾಡಿ, 'ಸಾರ್, ಮತ್ತೆ ಶುರುವಾಗಿದೆ' ಅಂದ್ರು. ಯಾಕೆ ಅಂತ ಇಬ್ಬರಿಗೂ ಹೊಳೀಲಿಲ್ಲ." ವೆಂಕಟಗಿರಿ ಬೋಂಡದ ಕೊನೆಯ ತುಂಡು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದರು. "ನಿನ್ನೆ ಶುಭಾ ಡಾಕ್ಟರ್ ಹತ್ರ ಹೋಗಿದ್ರಂತೆ... ಆಗ್ಲೇ ಒಂದೂವರೆ ತಿಂಗಳಂತೆ."